ಒಳ್ಳೆಮೆಣಸು ಯಾವುದು?

ಹೆಸರಿನಲ್ಲೂ ಮೇಲು-ಕೀಳು ಇದೆ ಅಂದರೆ ಕೆಲವರು ನಗುತ್ತಾರೆ. ಮನುಷ್ಯರ ಹೆಸರು ಹಾಗಿರಲಿ, ಅಡುಗೆಗೆ ಹಾಕುವ ಖಾರದ ಹೆಸರಲ್ಲೂ ಅದು ಕೂತಿದೆ. ದಿನಾ ಮುದ್ದೆಯ ಜೊತೆ ನಂಚಿಕೊಳ್ಳುವ ಮೆಣಸಿನಕಾಯಿಯನ್ನೇ ತಗೊಳ್ಳೋಣ.

ಮೆಣಸು ಅನ್ನೋದು ಕನ್ನಡದ ಹಳೆಯ ಮಾತು. ತಮಿಳಿನ ಮಿಳಗು, ತುಳುವಿನ ಮುಂಚಿ ಅದರ ಒಡಹುಟ್ಟುಗಳು. ಈ ಮಾತು ಮೊದಲು ಹೇಳುತ್ತಿದ್ದುದು ಮಲೆನಾಡಿನ ಬಳ್ಳಿಯಲ್ಲಿ ಬಿಡುವ ಕರಿಯ ಕಾಳನ್ನು. ಅದು ಹಡಗು ಹತ್ತುವ ಸರಕು, ಅರಸರ ಬೊಕ್ಕಸ ತುಂಬುವ ಸರಕು. 1498ರಲ್ಲಿ ವಾಸ್ಕೋಡಗಾಮ ಕಲ್ಲಿಕೋಟೆಗೆ ಬಂದದ್ದರ ಹಿಂದೆ ಇದರ ಆಸೆ ಇತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. ರಾಣಿಯ ಹೆಸರನ್ನು ಓದುತ್ತೇವೆ. ಕಾಳು ಕಿತ್ತು, ಒಣಗಿಸಿ, ಮೂಟೆ ಹೊತ್ತವರ ಹೆಸರನ್ನು ಯಾರೂ ನಮಗೆ ಓದಿಸಲಿಲ್ಲ.

ಮೆಣಸಿನಕಾಯಿ ಬಂದದ್ದು ಆಮೇಲೆ. ಅದರ ತವರು ಅಮೆರಿಕ. ಮೆಕ್ಸಿಕೋದ ಮೂಲ ಜನ ತಮ್ಮ ನಾಹುವಾತಲ್ ಭಾಷೆಯಲ್ಲಿ ಅದನ್ನು ಚಿಲ್ಲಿ ಎನ್ನುತ್ತಿದ್ದರು. 1492ರಲ್ಲಿ ಕೊಲಂಬಸ್ ಹುಡುಕಿಕೊಂಡು ಹೊರಟದ್ದು ಪೂರ್ವದ ಸಂಪತ್ತನ್ನು. ಕೈಗೆ ಸಿಕ್ಕಿದ್ದು ಈ ಕಾಯಿ. ಅದನ್ನೂ ಮೆಣಸಿನ ಜಾತಿಗೇ ಸೇರಿಸಿದ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಅದು ನಮ್ಮ ಪಡುವಣ ಕರಾವಳಿಗೆ ಬಂತು.

ನಮ್ಮ ಜನ ಹಡಗಿನವರ ಹೆಸರನ್ನು ತಗೊಳ್ಳಲಿಲ್ಲ. ಮೆಣಸಿನ ಹಾಗೆ ಉರಿಯುತ್ತೆ, ಆದರೆ ಇದು ಕಾಯಿ. ಹಾಗಾಗಿ ಮೆಣಸಿನಕಾಯಿ. ತಮಿಳರು ಮಿಳಗಾಯ್ ಅಂದರು, ತೆಲುಗರು ಮಿರಪಕಾಯ ಅಂದರು. ಪಂಡಿತರ ಸಭೆ ಕೂತು ಇಟ್ಟ ಹೆಸರಿನಂತೆ ಇದು ಕಾಣುವುದಿಲ್ಲ. ನಾಲಗೆ ಸುಟ್ಟುಕೊಂಡವರೇ ಇಟ್ಟಂತಿದೆ.

ಈ ಕಾಯಿ ಬಡವರ ಮನೆಗೆ ಬೇಗ ಯಾಕೆ ಹೊಂದಿಕೊಂಡಿತು ಅನ್ನೋದನ್ನು ನೆಲವೇ ಹೇಳುತ್ತದೆ. ಕರಿಮೆಣಸಿಗೆ ಮಲೆನಾಡಿನ ಮಳೆ ಬೇಕು, ಹಬ್ಬಲು ಮರ ಬೇಕು, ಫಸಲಿಗೆ ವರ್ಷಗಟ್ಟಲೆ ಕಾಯಬೇಕು. ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಬಯಲುಸೀಮೆಯ ಊರಿನಲ್ಲಿ ಅದು ಅಂಗಡಿಯಿಂದ ತರುವ ಸಾಮಾನು. ಮೆಣಸಿನಕಾಯಿ ಹಾಗಲ್ಲ. ಹಿಡಿ ಬೀಜ, ಹಿತ್ತಲ ನೆಲ, ಕೆಲವೇ ತಿಂಗಳು ಸಾಕು. ಹುಳಿ, ಬೇಳೆ ಏನೂ ಇಲ್ಲದ ದಿನ ಉಪ್ಪಿನ ಜೊತೆ ಅರೆದರೆ ಅದೇ ಸಾರು. ಪುರಂದರದಾಸರ ಹೆಸರಿನಲ್ಲಿ ಹಾಡುವ ಒಂದು ಕೀರ್ತನೆ ಕೂಡ ಈ ಕಾಯಿಯನ್ನು ಬಡವರ ಜೊತೆಗೇ ನೆನೆಯುತ್ತದೆ.

ಉಂಡವರು ಹೆಚ್ಚಾದಂತೆ ಮಾತೂ ಕೈ ಬದಲಾಯಿಸಿತು. ಕರಾವಳಿಯಲ್ಲಿ ಬರೀ ಮೆಣಸು ಅಂದರೆ ಈಗ ಮೆಣಸಿನಕಾಯಿಯೇ. ಹಸಿಮೆಣಸು, ಒಣಮೆಣಸು ಎಲ್ಲ ಇದರವೇ. ಹೆಸರಿನ ಹಳೆಯ ಒಡೆಯನಿಗೆ ಬಾಲ ಸೇರಿಸಬೇಕಾಯಿತು: ಕರಿಮೆಣಸು, ಕಾಳುಮೆಣಸು, ದಕ್ಷಿಣ ಕನ್ನಡದಲ್ಲಿ ಒಳ್ಳೆಮೆಣಸು. ತುಳುವಿನ ಎಡ್ಡೆ ಮುಂಚಿಗೂ ಇದೇ ಅರ್ಥ. ಅದು ಒಳ್ಳೆಯದಾದರೆ ನಾವು ತಿನ್ನೋದು ಏನು? ಅನೇಕ ವೈದಿಕರ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಇವತ್ತೂ ಮೆಣಸಿನಕಾಯಿ ಹಾಕುವುದಿಲ್ಲ, ಕರಿಮೆಣಸೇ ಆಗಬೇಕು. ಐನೂರು ವರ್ಷ ಈ ನೆಲದಲ್ಲಿ ಬೆಳೆದರೂ ಆ ಎಲೆಗೆ ಅದು ಇನ್ನೂ ಹೊರಗಿನದೇ. ಹೊಸ್ತಿಲಾಚೆ ನಿಲ್ಲಿಸುವ ಈ ರೀತಿ ನಮಗೆ ಹೊಸದಲ್ಲ.

ಪೇಟೆಗೆ ಮಾತ್ರ ಯಾವ ಮಡಿಯೂ ಇಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಊರ ಹೆಸರು ಕಾನೂನಿನ ಸ್ವತ್ತಾಯಿತು. ಘಾಟಿನ ನಡುವೆ ಕೂತು ಕೂಲಿಗೆ ತೊಟ್ಟು ಬಿಡಿಸುವ ಹೆಂಗಸರ ಉರಿವ ಕೈಗಳಿಗೆ ಆ ಚೀಟಿಯಲ್ಲಿ ಜಾಗವಿಲ್ಲ.

ಹಳ್ಳಿಯ ಮೇಷ್ಟ್ರುಗಳಿಗೆ ನಮ್ಮದೊಂದು ಮಾತು. ಮೆಣಸಿನಕಾಯಿಗೆ ಯಾರ ಮನೆಯಲ್ಲಿ ಏನೇನು ಹೆಸರಿದೆ, ಯಾವ ಅಡುಗೆಗೆ ಅದು ಬೇಡ ಎಂದು ಮಕ್ಕಳಿಂದಲೇ ಬರೆಸಿ. ಅದು ಊರಿನ ಚರಿತ್ರೆ. ಅರಸರ ಪಟ್ಟಿಗಿಂತ ಮೊದಲು ಓದಬೇಕಾದದ್ದು.