ಪ್ರೌಢಶಾಲೆಯ ಸೇವಾದಳವೂ ನಾಯಕರ ಬದಲಾವಣೆಯೂ

ಬೇಸಿಗೆಯ ಸೂಟಿ ಮುಗಿದು ಪ್ರೌಢಶಾಲೆಗಳು ಮತ್ತೆ ಆರಂಭವಾದಾಗ ಮಹಾಲಿಂಗಪುರದ ಸುತ್ತಲಿನ ಶಾಲೆಗಳಲ್ಲಿ ಒಂದು ಚಿಕ್ಕ ಪ್ರಶ್ನೆ ತಪ್ಪದೆ ಏಳುತ್ತಿತ್ತು. ಸೇವಾದಳದ ಹಿಂದಿನ ವರ್ಷದ ನಾಯಕನು ಹತ್ತನೆಯ ಇಯತ್ತೆ ಮುಗಿಸಿ ಹೊರಟುಹೋಗಿರುವನು. ಅವನ ಸೀಟಿಯನ್ನು ಈಗ ಯಾರ ಕೊರಳಿಗೆ ಹಾಕಬೇಕು? ಹಿರಿಯರಿಗೆ ಇದು ಮಕ್ಕಳಾಟದಂತೆ ಕಾಣಬಹುದು. ಆದರೆ ಈ ಸಂಸ್ಥೆಯ ನೂರು ವರ್ಷಗಳ ಚರಿತ್ರೆಯನ್ನು ತಿರುವಿ ನೋಡಿದರೆ, ಹುಟ್ಟಿದಂದಿನಿಂದಲೂ ಅದನ್ನು ಕಾಡಿದ ಪ್ರಶ್ನೆ ಇದೇ ಎಂಬುದು ಮನದಟ್ಟಾಗುತ್ತದೆ. ಸೇವೆಯು ವ್ಯಕ್ತಿಯನ್ನು ಆಶ್ರಯಿಸಿ ನಿಲ್ಲಬೇಕೋ, ವ್ಯವಸ್ಥೆಯನ್ನು ಆಶ್ರಯಿಸಿ ನಿಲ್ಲಬೇಕೋ? ಈ ದೃಷ್ಟಿಯಿಂದ ಸೇವಾದಳದ ಪೂರ್ವೋತ್ತರವನ್ನು ವಾಚಕರ ಮುಂದಿಡುವುದು ಪ್ರಸ್ತುತ ಲೇಖನದ ಉದ್ದೇಶ.

ಮಕ್ಕಳ ಸೇವಾಸಂಘವೆಂಬ ಕಲ್ಪನೆ ನಮ್ಮ ದೇಶಕ್ಕೆ ಮೊದಲು ಬಂದದ್ದು ಸ್ಕೌಟ್ ಚಳವಳಿಯ ಮೂಲಕ. 1907ರಲ್ಲಿ ಇಂಗ್ಲೆಂಡಿನಲ್ಲಿ ಬೇಡನ್ ಪೊವೆಲ್ ಅವರು ನಡೆಸಿದ ಶಿಬಿರದಿಂದ ಮೊಳೆತ ಆ ಚಳವಳಿ 1909ರಲ್ಲಿಯೇ ಬೆಂಗಳೂರಿಗೆ ಕಾಲಿಟ್ಟಿತು. ಆದರೆ ಆ ಮೊದಲ ದಳಗಳಲ್ಲಿ ಪ್ರವೇಶವಿದ್ದುದು ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಬಾಲಕರಿಗೆ ಮಾತ್ರ. ನಮ್ಮ ಮಕ್ಕಳು ಬೇಲಿಯ ಆಚೆಗೆ ನಿಂತು ನೋಡಬೇಕಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಭಾರತೀಯ ಬಾಲಕರಿಗಾಗಿ ಸ್ಕೌಟ್ ಸಂಘಟನೆ ರೂಪುಗೊಂಡದ್ದು 1917ರಲ್ಲಿ. ಸೇವೆಯನ್ನು ಕಲಿಸುವ ಸಂಸ್ಥೆಯ ಬಾಗಿಲಲ್ಲೇ ಇಂತಹ ತಾರತಮ್ಯ ನಿಂತಿದ್ದುದು ಎಂತಹ ವಿಪರ್ಯಾಸ!

ಇನ್ನು ನಮ್ಮ ಭಾಗದ ಕಡೆಗೆ ಬರೋಣ. ಧಾರವಾಡದಲ್ಲಿ 1889ರಲ್ಲಿ ಜನಿಸಿದ ಡಾ. ನಾರಾಯಣ ಸುಬ್ಬರಾವ ಹರ್ಡೀಕರರು ಕಲಕತ್ತೆಯಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ, 1913ರಲ್ಲಿ ಅಮೆರಿಕೆಗೆ ತೆರಳಿದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಅವರು ಸಾರ್ವಜನಿಕ ಆರೋಗ್ಯಶಾಸ್ತ್ರವನ್ನು ಆರಿಸಿಕೊಂಡದ್ದು ಗಮನಾರ್ಹ. ಒಬ್ಬೊಬ್ಬ ರೋಗಿಯ ನಾಡಿ ಹಿಡಿಯುವುದಕ್ಕಿಂತ ಇಡೀ ಊರಿನ ನಾಡಿ ಹಿಡಿಯುವ ವಿದ್ಯೆ ಅದು. ಅಲ್ಲಿ ಲಾಲಾ ಲಜಪತರಾಯರ ಜೊತೆಗೂಡಿ ಭಾರತದ ಸ್ವರಾಜ್ಯಕ್ಕಾಗಿ ದುಡಿದು, 1921ರಲ್ಲಿ ಮರಳಿ ಬಂದು ಹುಬ್ಬಳ್ಳಿಯಲ್ಲಿ ನೆಲೆಸಿದರು. ಆಸ್ಪತ್ರೆ ತೆರೆದು ಸುಖವಾಗಿರಬಹುದಾಗಿದ್ದ ವೈದ್ಯರು ತರುಣರನ್ನು ಕೂಡಿಸಿ ಹುಬ್ಬಳ್ಳಿ ಸೇವಾ ಮಂಡಲವನ್ನು ಕಟ್ಟಿದರು.

ಆ ಮಂಡಲದ ಸತ್ವಪರೀಕ್ಷೆಯಾದದ್ದು 1923ರ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ. ದೇಶದ ನಾನಾ ಭಾಗಗಳಿಂದ ಬಂದು ಸೆರೆಮನೆ ಸೇರಿದವರಲ್ಲಿ ಅನೇಕರು ಅಲ್ಲಿಯ ಕಷ್ಟವನ್ನು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದರು. ಹರ್ಡೀಕರರೂ ಅವರ ಹುಬ್ಬಳ್ಳಿಯ ಸಂಗಡಿಗರೂ ಹಾಗೆ ಮಾಡಲಿಲ್ಲ. ಇವರಿಗೂ ಉಳಿದವರಿಗೂ ದೇಶಭಕ್ತಿಯಲ್ಲಿ ಅಂತರವಿತ್ತೆಂದು ನಾವು ಹೇಳಲಾರೆವು, ಅಂತರವಿದ್ದುದು ಅಭ್ಯಾಸದಲ್ಲಿ. ನಿತ್ಯವೂ ಒಂದೇ ಸಾಲಿನಲ್ಲಿ ನಿಂತು, ಒಂದೇ ಆಜ್ಞೆಗೆ ಹೆಜ್ಜೆ ಹಾಕಿ, ಒಟ್ಟಿಗೆ ಉಂಡು ಒಟ್ಟಿಗೆ ಕಸಗುಡಿಸಿದವರು ಸಂಕಟದಲ್ಲಿಯೂ ಒಟ್ಟಿಗೆ ನಿಂತರು. ಈ ಸಂಗತಿ ರಾಷ್ಟ್ರನಾಯಕರ ಕಣ್ಣು ತೆರೆಸಿತು. ಅದೇ ವರ್ಷ ಡಿಸೆಂಬರದಲ್ಲಿ ಕಾಕಿನಾಡದಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದುಸ್ತಾನಿ ಸೇವಾದಳವು ಜನ್ಮ ತಾಳಿತು. ಪ್ರಥಮ ಅಧ್ಯಕ್ಷರು ಜವಾಹರಲಾಲ ನೆಹರೂ, ಕಾರ್ಯದರ್ಶಿಗಳು ಹರ್ಡೀಕರರು.

ಇಲ್ಲಿಂದಲೇ ನಾಯಕತ್ವದ ಪ್ರಶ್ನೆ ಆರಂಭವಾಗುತ್ತದೆ. ಕಟ್ಟಿದವರು ಹರ್ಡೀಕರರು, ಗದ್ದುಗೆಯ ಮೇಲೆ ಕುಳಿತವರು ಬೇರೊಬ್ಬರು. ಇದನ್ನು ಅನ್ಯಾಯವೆಂದು ಬಗೆಯುವವರಿದ್ದಾರೆ. ನಮಗಾದರೋ ಇದರಲ್ಲಿಯೇ ಸಂಸ್ಥಾಪಕರ ಜಾಣ್ಮೆ ಕಾಣುತ್ತದೆ. ಅಧ್ಯಕ್ಷಪದವಿಯು ಇತರರಿಗೆ ಮೀಸಲು. ದಿನನಿತ್ಯದ ದುಡಿಮೆ, ಪತ್ರವ್ಯವಹಾರ, ಶಿಬಿರಗಳ ಏರ್ಪಾಡು, ತರಬೇತಿ, ಈ ಎಲ್ಲ ಭಾರವೂ ಕಾರ್ಯದರ್ಶಿಯ ಮೇಲೆ. ತೇರಿನ ಕಳಸವನ್ನು ಎಲ್ಲರೂ ನೋಡುತ್ತಾರೆ, ಅಚ್ಚನ್ನು ನೋಡುವವರು ಯಾರು? ಆದರೂ ಭಾರ ಹೊರುವುದು ಅಚ್ಚೇ.

ಮರುವರ್ಷ, ಅಂದರೆ 1924ರ ಡಿಸೆಂಬರದಲ್ಲಿ ಬೆಳಗಾವಿಯಲ್ಲಿ ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿತು. ಗಾಂಧೀಜಿಯವರು ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಗಂಗಾಧರರಾವ ದೇಶಪಾಂಡೆಯವರು ಮುಂದೆ ನಿಂತು ನಡೆಸಿದ ಆ ಮಹಾಸಮ್ಮೇಲನಕ್ಕೆ ನೆರೆದ ಜನಸಾಗರವನ್ನು ನಿಭಾಯಿಸಿದವರು ಹರ್ಡೀಕರರ ಸ್ವಯಂಸೇವಕರು. ಶೌಚಾಲಯಗಳ ನೈರ್ಮಲ್ಯದ ಕೆಲಸವನ್ನೂ ಸ್ವಯಂಸೇವಕರೇ ವಹಿಸಿಕೊಂಡರು. ಜಾತಿಯ ಕಟ್ಟುಪಾಡು ಅತ್ಯಂತ ಬಿಗಿಯಾಗಿದ್ದ ಆ ಕಾಲದಲ್ಲಿ ಮೇಲುಜಾತಿಯೆನಿಸಿಕೊಂಡ ಮನೆಗಳ ಹುಡುಗರು ಪೊರಕೆ, ಬುಟ್ಟಿಗಳನ್ನು ಹಿಡಿದರು. ಕಾಯಕದಲ್ಲಿ ಮೇಲು ಕೀಳಿಲ್ಲವೆಂಬುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಕೇಳಿದ್ದ ನಾಡು ಇದು. ಕೇಳಿದ್ದನ್ನು ಮಾಡಿ ತೋರಿಸುವುದಕ್ಕೆ ಮಾತ್ರ ಎಷ್ಟೊಂದು ಕಾಲ ಬೇಕಾಯಿತು!

ಅದೇ ಅಧಿವೇಶನದಲ್ಲಿ ಮಹಿಳಾ ಸ್ವಯಂಸೇವಕಿಯರ ಪಡೆಯನ್ನು ನಡೆಸಿದವರು ಉಮಾಬಾಯಿ ಕುಂದಾಪುರ ಅವರು. 1892ರಲ್ಲಿ ಮಂಗಳೂರಿನಲ್ಲಿ ಜನಿಸಿ, ತಾರುಣ್ಯದಲ್ಲಿಯೇ ಪತಿಯನ್ನು ಕಳೆದುಕೊಂಡು, ಮಾವ ಆನಂದರಾಯರ ಬೆಂಬಲದಿಂದ ಹುಬ್ಬಳ್ಳಿಯಲ್ಲಿ ತಿಲಕ ಕನ್ಯಾಶಾಲೆಯನ್ನೂ ಭಗಿನಿ ಮಂಡಲವನ್ನೂ ನಡೆಸಿದ ತಾಯಿ ಇವರು. ವಿಧವೆಯರು ಮನೆಯ ಹೊಸ್ತಿಲು ದಾಟುವುದೇ ದುರ್ಲಭವಾಗಿದ್ದ ಕಾಲದಲ್ಲಿ ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕರೆತಂದರು. ಸೇವಾದಳದ ಮಹಿಳಾ ವಿಭಾಗದ ನೇತೃತ್ವ ಅವರ ಪಾಲಿಗೆ ಬಂದಿತು. 1932ರಲ್ಲಿ ಸೆರೆಮನೆ ಕಂಡರು. ಶಾಲೆಗೆ ಬೀಗಮುದ್ರೆ ಬಿದ್ದಿತು. ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಆಸೆಗೆ ಬೀಳದೆ, ಹುಬ್ಬಳ್ಳಿಯ ತಮ್ಮ ಪುಟ್ಟ ಮನೆಯಲ್ಲಿಯೇ ಉಳಿದು, ಶತಾಯುಷಿಗಳಾಗಿ 1992ರಲ್ಲಿ ಲಿಂಗೈಕ್ಯರಾದರೆಂದೇ ನಾವು ಭಾವಿಸುತ್ತೇವೆ. ಪದವಿಯಿಲ್ಲದೆಯೂ ನಾಯಕತ್ವವಿರಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ದಳವು ಆಚರಣೆಗೆ ತಂದ ಇನ್ನೊಂದು ಪದ್ಧತಿಯನ್ನು ಇಲ್ಲಿ ನೆನೆಯಬೇಕು. ಪ್ರತಿ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಊರೂರುಗಳಲ್ಲಿ ರಾಷ್ಟ್ರಧ್ವಜವಂದನೆ. ಧ್ವಜ ಹಾರಿಸುವುದೇ ಅಪರಾಧವಾಗಿದ್ದ ದಿನಗಳವು. ಹರ್ಡೀಕರರ ಮನಸ್ಸಿನಲ್ಲಿ ಧ್ವಜವು ಬರಿಯ ಬಟ್ಟೆಯಾಗಿರಲಿಲ್ಲ, ಶಿಸ್ತಿನ ಪಾಠವಾಗಿತ್ತು. ಅದೇ ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಆರಂಭವಾದ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ದೇಶಕ್ಕೆಲ್ಲ ರಾಷ್ಟ್ರಧ್ವಜವನ್ನು ಸಿದ್ಧಪಡಿಸಿ ಕೊಡುವಂತಾದುದು ಕಾಕತಾಳೀಯವಿರಬಹುದು. ಆದರೂ ಮನಸ್ಸಿಗೆ ಮುದ ಕೊಡುವ ಕಾಕತಾಳೀಯ.

ದಳದ ಬೆಳವಣಿಗೆ ನಿರಾತಂಕವಾಗಿರಲಿಲ್ಲ. ಕವಾಯತು, ಸಮವಸ್ತ್ರ, ಆಜ್ಞಾಪಾಲನೆಗಳು ಅಹಿಂಸೆಗೆ ವಿರುದ್ಧವೆಂದೂ ಇದು ಸೈನ್ಯವಾಗಿ ಪರಿಣಮಿಸೀತೆಂದೂ ಕಾಂಗ್ರೆಸ್ಸಿನೊಳಗೇ ಅನೇಕರು ಶಂಕಿಸಿದರು. 1931ರಲ್ಲಿ ದಳವು ಕಾಂಗ್ರೆಸ್ ಕಾರ್ಯಸಮಿತಿಯ ನೇರ ಅಧೀನಕ್ಕೆ ಬಂದು ಕಾಂಗ್ರೆಸ್ ಸೇವಾದಳವೆನಿಸಿತು. ಗೌರವ ಹೆಚ್ಚಿತು, ಸ್ವಾತಂತ್ರ್ಯ ಕುಗ್ಗಿತು. ಮರುವರ್ಷವೇ ಸರಕಾರ ಅದನ್ನು ನಿಷೇಧಿಸಿತು. 1934ರಲ್ಲಿ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆರವಾದರೂ ದಳದ ಮೇಲಿನ ನಿಷೇಧ ಮುಂದುವರಿಯಿತು. ಭಾಷಣ ಮಾಡುವವರಿಗಿಂತ ಸಾಲಿನಲ್ಲಿ ನಿಲ್ಲಲು ಕಲಿತವರೇ ಆಳರಸರಿಗೆ ಹೆಚ್ಚು ಭಯಂಕರರಾಗಿ ತೋರಿದರೆಂದು ಇದರಿಂದ ಊಹಿಸಬಹುದು.

ನಮ್ಮ ಸೀಮೆಯ ಸ್ಥಿತಿ ಅಂದು ವಿಚಿತ್ರವಾಗಿತ್ತು. ಮಹಾಲಿಂಗಪುರವು ಮುಧೋಳದ ಘೋರ್ಪಡೆಯವರ ಸಂಸ್ಥಾನಕ್ಕೆ, ಜಮಖಂಡಿಯು ಪಟವರ್ಧನರ ಸಂಸ್ಥಾನಕ್ಕೆ, ರಬಕವಿಯು ಸಾಂಗಲಿಗೆ, ಬೀಳಗಿ ಬಾಗಲಕೋಟೆಗಳು ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದವು. ಎತ್ತಿನ ಬಂಡಿಯಲ್ಲಿ ಒಂದು ದಿನ ಪ್ರಯಾಣ ಮಾಡಿದರೆ ಮೂರು ನಾಲ್ಕು ಆಡಳಿತಗಳನ್ನು ದಾಟಬಹುದಾಗಿತ್ತು. ಹೀಗಿರುವಾಗ ದಳವು ತನ್ನ ತರಬೇತಿ ಕೇಂದ್ರವನ್ನು ಬಾಗಲಕೋಟೆಯಲ್ಲಿ ನಡೆಸಿದುದು ಈ ಪ್ರದೇಶದ ತರುಣರ ಭಾಗ್ಯವೆನ್ನಬೇಕು. (ಆ ಹಳೆಯ ಬಾಗಲಕೋಟೆಯ ಬಹುಭಾಗವನ್ನು ಆಲಮಟ್ಟಿಯ ಹಿನ್ನೀರು ಇಂದು ಆವರಿಸಿಕೊಂಡಿದೆ, ಅಂದು ಕವಾಯತು ಮಾಡಿದವರ ಹೆಜ್ಜೆಗಳನ್ನು ಹುಡುಕುವುದು ಎಲ್ಲಿ?) 1948ರ ಮಾರ್ಚಿನಲ್ಲಿ ಮುಧೋಳ, ಜಮಖಂಡಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು, 1956ರಲ್ಲಿ ನಾವೆಲ್ಲರೂ ಒಂದೇ ಕನ್ನಡ ರಾಜ್ಯದೊಳಗೆ ಬಂದೆವು.

ಸ್ವಾತಂತ್ರ್ಯಾನಂತರ ಹರ್ಡೀಕರರು ಮಾಡಿದ ನಿರ್ಣಯವೇ ನಮ್ಮ ಪ್ರೌಢಶಾಲೆಗಳ ದೃಷ್ಟಿಯಿಂದ ಬಹಳ ಮುಖ್ಯವಾದದ್ದು. ಪಕ್ಷದ ಸೇವಾದಳ ಪಕ್ಷದೊಡನೆ ಉಳಿಯಿತು. ಶಾಲೆಯ ಮಕ್ಕಳಿಗಾಗಿ ರಾಜಕೀಯದಿಂದ ದೂರವಾದ ಭಾರತ ಸೇವಾದಳವು ಬೇರೆಯಾಗಿ ಬೆಳೆಯಿತು. ಎರಡರ ಹೆಸರಿನಲ್ಲಿರುವ ಹೋಲಿಕೆಯಿಂದ ಹಳ್ಳಿಗಳಲ್ಲಿ ಇಂದಿಗೂ ಗೊಂದಲ ತಪ್ಪಿಲ್ಲ. ಬಿಳಿಯ ಟೊಪ್ಪಿಗೆ ಧರಿಸಿದ ಹುಡುಗನನ್ನು ಕಂಡು, ‘ಇವನ್ಯಾವ ಪಾರ್ಟಿಯವ?’ ಎಂದು ಕೇಳಿದ ಹಿರಿಯರನ್ನು ನಾವೇ ಬಲ್ಲೆವು. ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದರು. 1958ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂದಿತು. ಮಹಾಲಿಂಗಪುರದಿಂದ ಬಹು ದೂರವಲ್ಲದ ಘಟಪ್ರಭೆಯಲ್ಲಿ, 1929ರಲ್ಲಿ ಸ್ಥಾಪಿತವಾದ ಕರ್ನಾಟಕ ಆರೋಗ್ಯಧಾಮದ ಪರಿಸರದಲ್ಲಿ ಅವರ ಕಾರ್ಯಕ್ಷೇತ್ರವಿತ್ತು. 1970ರ ಆಗಸ್ಟ್ 26ರಂದು ಅವರು ಅಗಲಿದರು. ಅವರ ಸ್ಮಾರಕವೂ ಅಲ್ಲಿಯೇ ಇದೆ.

ಸಂಸ್ಥಾಪಕರು ಹೋದ ಮೇಲೆ ಸಂಸ್ಥೆ ಉಳಿದೀತೇ? ಉಳಿಯಿತು, ಆದರೆ ಮೇಲಿನ ನಾಯಕರಿಂದಲ್ಲ, ಶಾಖಾನಾಯಕರೆಂದು ಕರೆಯಲ್ಪಡುವ ಸಾಮಾನ್ಯ ಶಿಕ್ಷಕರಿಂದ. ಶಿಬಿರದಲ್ಲಿ ತರಬೇತಿ ಪಡೆದು ಬಂದ ಒಬ್ಬ ಶಿಕ್ಷಕ, ಒಂದು ಡೋಲು, ಒಂದು ಸೀಟಿ, ಹತ್ತಿಪ್ಪತ್ತು ಲೇಜಿಮ್ಮುಗಳು, ಇಷ್ಟಿದ್ದರೆ ಒಂದು ಶಾಖೆ. ‘ಸಾವಧಾನ್’, ‘ವಿಶ್ರಾಮ್’ ಎಂಬ ಹಿಂದಿ ಆಜ್ಞೆಗಳು, ನಾನಾ ಭಾಷೆಗಳ ಭಾವೈಕ್ಯ ಗೀತೆಗಳು, ಧ್ವಜವನ್ನು ಮಡಿಚುವ, ಗಂಟು ಹಾಕುವ, ಇಳಿಸುವ ವಿಧಾನ, ಶ್ರಮದಾನ, ಮಕ್ಕಳ ಮೇಳ. ಧ್ವಜಸಂಹಿತೆಯು 2002ರಲ್ಲಿ ಹೊಸ ರೂಪ ತಾಳಿ, 2021ರ ತಿದ್ದುಪಡಿಯಿಂದ ಯಂತ್ರದಲ್ಲಿ ತಯಾರಾದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ದೊರೆತ ಮೇಲೆ ಖಾದಿಯನ್ನು ನಂಬಿದವರ ಹೊಟ್ಟೆಯ ಮೇಲೆ ಪೆಟ್ಟು ಬಿದ್ದಿತಾದರೂ, ಧ್ವಜವನ್ನು ಕಟ್ಟುವ ಕ್ರಮವನ್ನು ಹೇಳಿಕೊಡುವ ಕೆಲಸವನ್ನು ಅನೇಕ ಊರುಗಳಲ್ಲಿ ಸೇವಾದಳದ ಶಿಕ್ಷಕರೇ ಮಾಡುತ್ತ ಬಂದಿದ್ದಾರೆ.

ಈ ನಡುವೆ ಇತರ ಸಂಸ್ಥೆಗಳೂ ಪ್ರೌಢಶಾಲೆಗಳ ಅಂಗಳಕ್ಕೆ ಬಂದವು. 1950ರಲ್ಲಿ ಸ್ಕೌಟ್ ಸಂಘಗಳು ಒಂದಾಗಿ ಭಾರತ ಸ್ಕೌಟ್ಸ್ ಸಂಸ್ಥೆಯಾಯಿತು. ಮರುವರ್ಷ ಗೈಡ್ಸ್ ಕೂಡಿಕೊಂಡಿತು. ರೋಟರಿಯವರು 1962ರಲ್ಲಿ ಅಮೆರಿಕೆಯ ಫ್ಲಾರಿಡಾದ ಒಂದು ಹೈಸ್ಕೂಲಿನಲ್ಲಿ ಆರಂಭಿಸಿದ ಇಂಟರಾಕ್ಟ್ ಕ್ಲಬ್ಬು ನಮ್ಮ ಪಟ್ಟಣಗಳಿಗೂ ಹಬ್ಬಿತು. ಕಾಲೇಜುಗಳಿಗೆ 1969ರಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಬಂದಿತು. ಇಂಟರಾಕ್ಟ್ ಕ್ಲಬ್ಬಿನ ಒಂದು ನಿಯಮ ನಮಗೆ ಮೆಚ್ಚಿಗೆಯಾಗಿದೆ. ಅದರ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗಳು ವಿದ್ಯಾರ್ಥಿಗಳೇ. ವರ್ಷ ತುಂಬಿದೊಡನೆ ಹೊಸಬರಿಗೆ ಅಧಿಕಾರವನ್ನು ವಿಧಿಪೂರ್ವಕವಾಗಿ ಒಪ್ಪಿಸಿಕೊಡಬೇಕು. ಸೇವಾದಳದಲ್ಲಿ ಶಿಕ್ಷಕನೇ ಕೇಂದ್ರ. ಇದು ಅದರ ಬಲವೂ ಹೌದು, ದೌರ್ಬಲ್ಯವೂ ಹೌದು.

ದೌರ್ಬಲ್ಯವೆಂದುದನ್ನು ಅನುಭವದಿಂದಲೇ ಹೇಳುತ್ತಿದ್ದೇವೆ. 1980ರ ದಶಕದಲ್ಲಿ ನಾವು ಓದುತ್ತಿದ್ದ ಪ್ರೌಢಶಾಲೆಯಲ್ಲಿ ಸೇವಾದಳ ಹುರುಪಿನಿಂದ ನಡೆಯುತ್ತಿತ್ತು. ಜಾತ್ರೆ ಬಂದಿತೆಂದರೆ ಶಾಖೆಗೆ ಹಬ್ಬ. ತೇರಿನ ಗಾಲಿಗಳ ಬಳಿಗೆ ಜನರು ನುಗ್ಗದಂತೆ ಕೈಗೆ ಕೈ ಕೂಡಿಸಿ ಸರಪಳಿಯಾಗಿ ನಿಲ್ಲುತ್ತಿದ್ದೆವು. ಕೊಡಗಳಲ್ಲಿ ನೀರು ಹೊತ್ತು ಯಾತ್ರಿಕರಿಗೆ ಹನಿಸುತ್ತಿದ್ದೆವು. ತಾಯಿಯ ಕೈ ತಪ್ಪಿಸಿಕೊಂಡು ಅಳುವ ಮಕ್ಕಳನ್ನು ಕಟ್ಟೆಯ ಮೇಲೆ ಕೂಡ್ರಿಸಿ ಬೆಂಡು ಬೆತ್ತಾಸು ಕೊಟ್ಟು ಸಮಾಧಾನಪಡಿಸುತ್ತಿದ್ದೆವು. ಎಲ್ಲಕ್ಕೂ ಹಿಂದೆ ಒಬ್ಬ ಗುರುಗಳಿದ್ದರು. ಒಂದು ವರ್ಷ ಅವರಿಗೆ ಬೇರೆ ಊರಿಗೆ ವರ್ಗವಾಯಿತು. ಡೋಲು, ಲೇಜಿಮ್ಮುಗಳು ಕಪಾಟಿನೊಳಗೆ ಸೇರಿದವು. ಬೀಗದ ಕೈ ಯಾರ ಬಳಿ ಇದೆಯೆಂಬುದೇ ತಿಳಿಯದಾಯಿತು. ನಾಯಕನಾಗಿ ಆಯ್ಕೆಯಾಗಿದ್ದ ಹುಡುಗನಿಗೆ ಆಜ್ಞೆ ಕೊಡಲು ಬರುತ್ತಿತ್ತು, ಆದರೆ ಶಾಖೆ ಕೂಡಿಸಲು ಯಾರ ಅಪ್ಪಣೆ ಕೇಳಬೇಕೆಂಬುದು ತಿಳಿಯುತ್ತಿರಲಿಲ್ಲ. ಆ ವರ್ಷದ ಜಾತ್ರೆಯಲ್ಲಿ ಸರಪಳಿ ಇರಲಿಲ್ಲ.

ಅದರ ಮರುವರ್ಷ ಒಂಬತ್ತನೆಯ ಇಯತ್ತೆಯ ಮೂವರು ಹುಡುಗರು ಹಳೆಯ ಗುರುಗಳಿಗೆ ಕಾರ್ಡು ಬರೆದರು. ಮಗ್ಗದ ಮನೆಗಳಿಂದ ಬರುತ್ತಿದ್ದ ಮಕ್ಕಳು ಅವರು. ಬೆಳಿಗ್ಗೆ ಕಂಡಿಕೆ ಸುತ್ತಿಕೊಟ್ಟು ಶಾಲೆಗೆ ಬರುವವರು. ಗುರುಗಳಿಂದ ಎರಡು ಸಾಲಿನ ಉತ್ತರ ಬಂದಿತು: ಬೀಗದ ಕೈ ಸಿಪಾಯಿಯ ಬಳಿ ಇದೆ, ಶನಿವಾರ ಶಾಖೆ ಕೂಡಿಸಿರಿ, ನಾನಿಲ್ಲವೆಂದು ನಿಲ್ಲಿಸಬೇಡಿರಿ ಎಂದು. ಹುಡುಗರು ಮುಖ್ಯಾಧ್ಯಾಪಕರ ಅಪ್ಪಣೆ ಪಡೆದು ಕಪಾಟು ತೆರೆಸಿದರು. ಡೋಲಿನ ಚರ್ಮವನ್ನು ಇಲಿ ಕಡಿದಿತ್ತು. ಚರ್ಮ ಹೊದಿಸಲು ವರ್ಗಣಿ ಎತ್ತಿದರು. ಸಾಲದೆ ಬಂದುದನ್ನು ಸಿಪಾಯಿಯೇ ತುಂಬಿದನು. ಮೂವರಲ್ಲಿ ನಾಯಕನಾರಾಗಬೇಕೆಂಬ ಜಗಳ ಎದ್ದಾಗ, ತಿಂಗಳಿಗೊಬ್ಬನಂತೆ ಸರದಿ ಹಾಕಿಕೊಂಡರು. ಮುಂದಿನ ಬೇಸಿಗೆ ಸೂಟಿಗೆ ಮುಂಚೆ ಎಂಟನೆಯ ಇಯತ್ತೆಯ ಇಬ್ಬರನ್ನು ಕರೆದು ಆಜ್ಞೆಗಳನ್ನು ಕಲಿಸಿ, ಬೀಗದ ಕೈ ಇಡುವ ಜಾಗವನ್ನು ತೋರಿಸಿ, ಸೀಟಿಯನ್ನು ಅವರ ಕೈಗಿತ್ತರು.