ಛಾಯಾಚಿತ್ರದ ಕಲೆಗಳೂ ಶಾಸನದ ಸೊನ್ನೆಯೂ

ಚರಿತ್ರೆಯ ಆಕರಗಳಲ್ಲಿ ಹಳೆಯ ಛಾಯಾಚಿತ್ರಗಳಿಗೂ ಒಂದು ಸ್ಥಾನವುಂಟು. ಅವುಗಳ ಮೇಲೆ ಕಾಲಕ್ರಮದಲ್ಲಿ ಕುಳಿತ ಧೂಳಿನ ಚುಕ್ಕೆ, ಗೀರು, ಬೂಷ್ಟಿನ ಕಲೆ ಮೊದಲಾದವನ್ನು ಗಣಕಯಂತ್ರದ ತಂತ್ರಾಂಶದಿಂದ ತೆಗೆದು, ಚಿತ್ರವನ್ನು ಶುಭ್ರಗೊಳಿಸಿ ಪ್ರಕಟಿಸುವ ರೂಢಿ ಈಗ ಬಳಕೆಗೆ ಬಂದಿದೆ. ಇದರಿಂದ ಸಾಕ್ಷ್ಯಕ್ಕೆ ಆಗುವ ಲಾಭನಷ್ಟಗಳನ್ನು, ವಿಶೇಷವಾಗಿ ಶಾಸನಗಳ ಚಿತ್ರಗಳ ವಿಷಯದಲ್ಲಿ, ಇಲ್ಲಿ ಸಂಕ್ಷೇಪವಾಗಿ ವಿವೇಚಿಸಿದ್ದೇವೆ.

ಚಿತ್ರವನ್ನು ತಿದ್ದುವ ಕೆಲಸ ಹೊಸದಲ್ಲ. ಮದ್ರಾಸ್ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪನು ೧೮೫೪ರಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ೧೮೫೫ರಲ್ಲಿ ಬರ್ಮಾದ ರಾಜನ ಬಳಿಗೆ ಹೋದ ನಿಯೋಗದೊಡನೆ ತೆರಳಿ, ಅಲ್ಲಿ ತೆಗೆದ ಚಿತ್ರಗಳನ್ನು ಬೆಂಗಳೂರಿಗೆ ಹಿಂದಿರುಗಿ ಮುದ್ರಿಸಿದನು. ಬರ್ಮಾದ ಕಾಗದದ ನೆಗೆಟಿವುಗಳ ಮೇಲೆ ಬಣ್ಣ ಹಚ್ಚಿ, ಬರಿದಾಗಿ ಕಾಣುವ ಆಕಾಶದಲ್ಲಿ ಮೋಡಗಳನ್ನೂ ಮರಗಳಲ್ಲಿ ಎಲೆಗಳನ್ನೂ ಅವನು ಮೂಡಿಸಿದ್ದುಂಟು. ಆದುದರಿಂದ ಆ ಮೋಡಗಳನ್ನು ನಂಬಿ ಅಂದಿನ ಹವೆಯನ್ನು ನಿರ್ಣಯಿಸುವುದು ಸಲ್ಲದು. ಆದರೆ ಒಂದು ಅನುಕೂಲವುಂಟು: ಹಚ್ಚಿದ ಬಣ್ಣ ನೆಗೆಟಿವಿನ ಮೇಲೆಯೇ ಉಳಿದಿರುವುದರಿಂದ ತಿದ್ದುಪಡಿಯನ್ನು ಪರೀಕ್ಷಕನು ಇಂದಿಗೂ ಗುರುತಿಸಬಲ್ಲನು.

ತಂತ್ರಾಂಶದ ತಿದ್ದುಪಡಿಗೆ ಇಂಥ ಗುರುತು ಸಾಮಾನ್ಯವಾಗಿ ಉಳಿಯುವುದಿಲ್ಲ. ೧೯೯೦ರಲ್ಲಿ ಬಳಕೆಗೆ ಬಂದ ಫೋಟೋಶಾಪಿನಲ್ಲಿ ಕ್ಲೋನ್ ಸ್ಟಾಂಪ್ ಎಂಬ ಸಾಧನವು ಚಿತ್ರದ ಒಂದು ಭಾಗವನ್ನು ನಕಲು ಮಾಡಿ ಕಲೆಯ ಮೇಲೆ ಕೂರಿಸುತ್ತದೆ. ೨೦೦೨ರಲ್ಲಿ ಸೇರಿದ ಹೀಲಿಂಗ್ ಬ್ರಷ್ ಆ ನಕಲನ್ನು ಸುತ್ತಲಿನ ಬೆಳಕು ನೆರಳುಗಳಿಗೆ ಹೊಂದಿಸುತ್ತದೆ. ೨೦೧೦ರಿಂದೀಚೆಗೆ, ಗುರುತಿಸಿದ ಸ್ಥಳವನ್ನು ಸುತ್ತಣ ಆಧಾರದಿಂದ ತಾನಾಗಿಯೇ ತುಂಬುವ ವಿಧಾನವೂ ಅದರಲ್ಲಿ ಸೇರಿದೆ. ಇವೆಲ್ಲವುಗಳ ಸ್ವರೂಪ ಒಂದೇ. ಕಲೆಯ ಕೆಳಗೆ ಅಡಗಿದ್ದುದು ಮರಳಿ ಬರುವುದಿಲ್ಲ; ನೆರೆಯಲ್ಲಿರುವುದು ಅದರ ಸ್ಥಾನದಲ್ಲಿ ಬಂದು ಕೂರುತ್ತದೆ. ಆದುದರಿಂದ ಇದು ಶುದ್ಧೀಕರಣವೆನ್ನುವುದಕ್ಕಿಂತ ಊಹೆಯೆನ್ನುವುದೇ ಸರಿ.

ಈ ಊಹೆಯ ಅಪಾಯ ಶಾಸನಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಮೈಸೂರು ಸೀಮೆಯ ಶಾಸನಗಳನ್ನು ಛಾಯಾಚಿತ್ರಗಳಿಂದ ಓದುವ ಪದ್ಧತಿ ಹಳೆಯದು. ಮೇಜರ್ ಡಿಕ್ಸನ್ ೧೮೬೫ರಲ್ಲಿ ತೆಗೆದ ಶಾಸನಚಿತ್ರಗಳು, ಬಿ. ಎಲ್. ರೈಸ್ ಅವರು ೧೮೭೯ರಲ್ಲಿ ಪ್ರಕಟಿಸಿದ ‘ಮೈಸೂರ್ ಇನ್‌ಸ್ಕ್ರಿಪ್ಷನ್ಸ್’ ಗ್ರಂಥಕ್ಕೆ ಮುಖ್ಯ ಆಧಾರಗಳಾದವು. ಕನ್ನಡ ಲಿಪಿಯಲ್ಲಿ ಅನುಸ್ವಾರವು ಒಂದು ಸಣ್ಣ ಸೊನ್ನೆ ಮಾತ್ರ. ಸವೆದ ಕಲ್ಲಿನ ಚಿತ್ರದಲ್ಲಿ ಅದಕ್ಕೂ ಧೂಳಿನ ಚುಕ್ಕೆಗೂ ಭೇದವೆಣಿಸುವುದು ನುರಿತ ಕಣ್ಣಿಗೂ ಕಷ್ಟ. ತಂತ್ರಾಂಶಕ್ಕಂತೂ ಎರಡೂ ಒಂದೇ. ದಾನಶಾಸನವೊಂದರ ಕೊನೆಯಲ್ಲಿ ‘ಕೊಟ್ಟಂ’ ಎಂದಿದ್ದರೆ, ದಾನಿಯು ದತ್ತಿಯನ್ನು ಕೊಟ್ಟನೆಂದು ವಾಕ್ಯ ಮುಗಿಯುತ್ತದೆ. ಸೊನ್ನೆ ಅಳಿದು ‘ಕೊಟ್ಟ’ ಎಂದು ಉಳಿದರೆ, ಅದನ್ನು ಕೃದಂತವೆಂದೆಣಿಸಿ, ವಿಶೇಷ್ಯವೂ ಕ್ರಿಯಾಪದವೂ ಮುಂದೆ ಇದ್ದು ನಷ್ಟವಾಗಿರಬೇಕೆಂದು ಓದುಗನು ಭ್ರಮಿಸುವನು. ಇದಕ್ಕೆ ಪ್ರತಿಯಾಗಿ, ಕಲ್ಲಿನ ಗುಳಿಯನ್ನೇ ಸೊನ್ನೆಯೆಂದು ಬಗೆದು ಇಲ್ಲದ ಅನುಸ್ವಾರವನ್ನು ಓದುವುದೂ ಸಂಭವ. ಇಂಥ ಸಂದೇಹಗಳಲ್ಲಿ ಪಡಿಯಚ್ಚನ್ನೋ, ಸಾಧ್ಯವಾದರೆ ಕಲ್ಲನ್ನೋ ನೋಡುವುದಲ್ಲದೆ ಅನ್ಯಮಾರ್ಗವಿಲ್ಲ. ಕಲ್ಲೇ ನಷ್ಟವಾಗಿ ಚಿತ್ರವೊಂದೇ ಉಳಿದಿದ್ದರೆ, ಅಳಿಸಿದ ಚುಕ್ಕೆಯ ವಿಚಾರವನ್ನು ಇತ್ಯರ್ಥಪಡಿಸುವವರಾರು?

ಹಾಗೆಂದು ಕಲೆಗಳನ್ನು ತೆಗೆಯಲೇಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. ಕಲೆಗಳಿಂದ ಮುಚ್ಚಿಹೋದ ಚಿತ್ರವನ್ನು ವಿದ್ಯಾರ್ಥಿಗಳ ಮುಂದಿಡುವುದು ಕಷ್ಟವೆಂಬುದನ್ನು ಬಲ್ಲೆವು. ಆದರೆ ಶಾಸನಪಾಠವನ್ನು ಸಂಪಾದಿಸುವಾಗ ನಾವು ಅನುಸರಿಸುವ ನಿಯಮವೊಂದು ಇಲ್ಲಿಯೂ ಅನ್ವಯಿಸುತ್ತದೆ. ಅಳಿದ ಅಕ್ಷರವನ್ನು ಊಹಿಸಿ ತುಂಬಿದಾಗ ಅದನ್ನು ಆವರಣಚಿಹ್ನೆಯೊಳಗಿಡುತ್ತೇವೆ. ಓದುಗನು ಅದನ್ನು ಒಪ್ಪಬಹುದು, ಬಿಡಬಹುದು. ತಿದ್ದಿದ ಚಿತ್ರದಲ್ಲಿ ಅಂಥ ಆವರಣವಿಲ್ಲ. ಅದನ್ನು ನಾವೇ ಒದಗಿಸಬೇಕು. ಮೊದಲು ಪಡೆದ ಪ್ರತಿಯನ್ನು ಮುಟ್ಟದೆ ರಕ್ಷಿಸತಕ್ಕದ್ದು. ತಿದ್ದುಪಡಿಯನ್ನು ನಕಲಿನ ಮೇಲೆ, ಪ್ರತ್ಯೇಕ ಪದರದಲ್ಲಿ ಮಾಡತಕ್ಕದ್ದು. ಯಾವ ಭಾಗವನ್ನು, ಯಾರು, ಎಂದು ತಿದ್ದಿದರೆಂಬುದನ್ನು ದಾಖಲಿಸಿ, ಪ್ರಕಟಣೆಯಲ್ಲಿ ಚಿತ್ರದ ಕೆಳಗೆ ಸೂಚಿಸತಕ್ಕದ್ದು. ಅಂಚಿನಲ್ಲಿ ಬರೆದ ಸಂಖ್ಯೆ, ಮುದ್ರೆ, ಹಸ್ತಾಕ್ಷರಗಳನ್ನಂತೂ ಕಲೆಯೆಂದೆಣಿಸಬಾರದು. ಚಿತ್ರದ ಮೂಲವನ್ನು ತಿಳಿಸುವ ಸಾಕ್ಷಿಗಳು ಅನೇಕ ವೇಳೆ ಅವೇ ಆಗಿರುತ್ತವೆ.

ಯಾವುದು ಕಲೆ, ಯಾವುದು ಅಕ್ಷರ ಎಂಬ ನಿರ್ಣಯ ವಿದ್ವಾಂಸನದು. ಅದನ್ನು ಯಂತ್ರಕ್ಕೆ ಬಿಟ್ಟುಕೊಟ್ಟರೆ ಚಿತ್ರ ಅಂದವಾಗಬಹುದು. ಆದರೆ ಮುಂದಿನ ಸಂಶೋಧಕನು ನಮ್ಮ ಓದನ್ನು ಪರೀಕ್ಷಿಸುವ ಅವಕಾಶವನ್ನು ಕಳೆದುಕೊಳ್ಳುವನು.