ಎಸ್.ಆರ್. ರಂಗನಾಥನ್ ಮತ್ತು ಕರ್ನಾಟಕದ ಸಾರ್ವಜನಿಕ ಗ್ರಂಥಾಲಯ

ಶಿಯಾಳಿ ರಾಮಾಮೃತ ರಂಗನಾಥನ್ (1892–1972) ಭಾರತದ ಗ್ರಂಥಾಲಯ ಚಳವಳಿಯ ನಾಯಕ, ಗ್ರಂಥಾಲಯ ವಿಜ್ಞಾನದ ಪ್ರವರ್ತಕ. ಹುಟ್ಟೂರು ತಂಜಾವೂರು ಸೀಮೆಯ ಶಿಯಾಳಿ. ಕೊನೆಯ ಹದಿನೈದು ವರ್ಷ ಬದುಕಿದ್ದು ಬೆಂಗಳೂರಿನಲ್ಲಿ. ಪಠ್ಯಪುಸ್ತಕಗಳು ಅವರನ್ನು ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಿಗೂ ಕೋಲನ್ ವರ್ಗೀಕರಣಕ್ಕೂ ನೆನೆಯುತ್ತವೆ. ಆದರೆ ಮಳವಳ್ಳಿಯಲ್ಲೋ ಮದ್ದೂರಿನಲ್ಲೋ ಮನೆಗಂದಾಯ ಕಟ್ಟುವವರಿಗೆ ಅವರ ವಿಚಾರ ತಲುಪಿರುವುದು ಗ್ರಂಥಾಲಯ ಕರದ ರೂಪದಲ್ಲಿ.

ರಂಗನಾಥನ್ ಓದಿದ್ದು ಗಣಿತ. ಮೊದಲ ಮೇಷ್ಟ್ರಗಿರಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ, 1917ರಲ್ಲಿ. ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು ಸೇರಿ, 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಮೊದಲ ಗ್ರಂಥಪಾಲರಾದರು. ಓದುಗರೇ ಬಾರದ ಆ ಹುದ್ದೆ ಶುರುವಿನಲ್ಲಿ ಬೇಸರ ತರಿಸಿತ್ತು. ಪಾಠ ಹೇಳುವುದಕ್ಕೇ ಮರಳುವ ಮನಸ್ಸಾಗಿತ್ತು. ಆ ಮನಸ್ಸನ್ನು ತಿರುಗಿಸಿದ್ದು ಇಂಗ್ಲೆಂಡ್ ಪ್ರವಾಸ. ಅಲ್ಲಿನ ಊರೂರ ಗ್ರಂಥಾಲಯಗಳಿಗೆ ಕೂಲಿಕಾರರು, ಹೆಂಗಸರು, ಮಕ್ಕಳು ಸಲೀಸಾಗಿ ಬಂದುಹೋಗುವುದನ್ನು ಅವರು ಕಂಡರು. ಲಂಡನ್ನಿನ ಅಂಗಡಿಯೊಂದರಲ್ಲಿ ನೋಡಿದ ಮೆಕ್ಯಾನೊ ಆಟಿಕೆ, ಬಿಡಿ ವಿಷಯಗಳನ್ನು ಜೋಡಿಸಿ ಪುಸ್ತಕಕ್ಕೆ ಸಂಖ್ಯೆ ಕೊಡುವ ಉಪಾಯ ಹೊಳೆಯಿಸಿತು. 1933ರಲ್ಲಿ ಅಚ್ಚಾದ ಕೋಲನ್ ವರ್ಗೀಕರಣ ಹುಟ್ಟಿದ್ದು ಹೀಗೆ. ವಿದ್ವಾಂಸರು ಅದನ್ನು ಮೆಚ್ಚಿದರು, ಆದರೆ ನಮ್ಮ ಬಹುಪಾಲು ಗ್ರಂಥಾಲಯಗಳ ಕಪಾಟಿನಲ್ಲಿ ಇಂದಿಗೂ ಅಮೆರಿಕದ ಡ್ಯೂಯಿಯ ದಶಮಾಂಶ ಪದ್ಧತಿಯೇ ನಿಂತಿದೆ.

ಐದು ಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. ಪುಸ್ತಕವನ್ನು ಬೀಗ ಹಾಕಿ ಕಾಯುವ ಚಾಳಿಯನ್ನು ಅದು ನೇರವಾಗಿ ಎದುರಿಸಿತು. ಓದುಗನ ಸಮಯ ಉಳಿಸುವುದನ್ನೂ ಗ್ರಂಥಪಾಲನ ಕರ್ತವ್ಯವೆಂದು ಸಾರಿತು. ಅದೇ ವರ್ಷ ತಂಜಾವೂರು ಸೀಮೆಯ ಮನ್ನಾರ್ಗುಡಿಯ ಹಳ್ಳಿಗಳಲ್ಲಿ ಎತ್ತಿನ ಗಾಡಿಯ ಗ್ರಂಥಾಲಯ ಹೊರಟಿತು. ಅವರ ಇಡೀ ಕೆಲಸದಲ್ಲಿ ಹಳ್ಳಿಯ ಓದುಗನಿಗೆ ಇದಕ್ಕಿಂತ ಹತ್ತಿರದ್ದು ಬೇರೆ ಸಿಗುವುದು ಕಷ್ಟ.

ದಾನಿಗಳ ಔದಾರ್ಯವನ್ನೇ ನೆಚ್ಚಿಕೊಂಡ ಗ್ರಂಥಾಲಯ ಬಾಳುವುದಿಲ್ಲ, ಅದಕ್ಕೆ ಕಾನೂನೂ ಕರವೂ ಬೇಕು ಎಂಬುದು ರಂಗನಾಥನ್ ಅವರ ಹಟ. ಹಲವು ರಾಜ್ಯಗಳಿಗೆ ಮಸೂದೆಯ ಕರಡು ಬರೆದುಕೊಟ್ಟರು. 1948ರಲ್ಲಿ ಮದರಾಸು ಕಾಯಿದೆ ಬಂತು. ಬನಾರಸ್, ದಿಲ್ಲಿ, ಜೂರಿಚ್ ಸುತ್ತಿ 1957ರಲ್ಲಿ ಬೆಂಗಳೂರಿಗೆ ಬಂದಾಗ ವಿಶ್ರಾಂತಿಯ ವಯಸ್ಸಾಗಿತ್ತು, ಕೆಲಸ ಮಾತ್ರ ನಿಲ್ಲಲಿಲ್ಲ. 1962ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಇಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರ ತೆರೆಯಿತು. 1965ರಲ್ಲಿ ಅವರು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರಾದರು. ಅದೇ ವರ್ಷ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯೂ ಬಂತು; ಜಾರಿಯಾದದ್ದು 1966ರ ನವೆಂಬರ್ 1ರಿಂದ. ಪ್ರತ್ಯೇಕ ಇಲಾಖೆ, ನಗರ ಮತ್ತು ಜಿಲ್ಲಾ ಗ್ರಂಥಾಲಯಗಳು, ಸ್ಥಳೀಯ ತೆರಿಗೆಯ ಮೇಲೆ ಕರ: ಅವರು ದಶಕಗಳಿಂದ ಕೇಳುತ್ತಿದ್ದುದು ಇವನ್ನೇ. ಮಂಡ್ಯದ ಜಿಲ್ಲಾ ಕೇಂದ್ರ ಗ್ರಂಥಾಲಯ ನಡೆಯುವುದು ಈ ಕಾಯಿದೆಯಡಿಯಲ್ಲಿಯೇ. ಆಸ್ತಿ ತೆರಿಗೆಯ ಮೇಲಿನ ಕರ ಈಗ ಶೇಕಡ 6. ವಸೂಲಿ ಮಾಡುವ ಸ್ಥಳೀಯ ಸಂಸ್ಥೆಗಳು ಅದನ್ನು ಸಮಯಕ್ಕೆ ಇಲಾಖೆಗೆ ದಾಟಿಸುವುದಿಲ್ಲ ಎಂಬ ದೂರು ಹಳೆಯದು, ಬೆಂಗಳೂರಿನ ಪಾಲಿಕೆಯ ಬಾಕಿಯಂತೂ ಪತ್ರಿಕೆಗಳಿಗೆ ಕಾಯಂ ಸುದ್ದಿಯಾಗಿತ್ತು.

ರಾಜ್ಯ ಕೇಂದ್ರ ಗ್ರಂಥಾಲಯ ಇರುವುದು ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದಲ್ಲಿ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನದಲ್ಲಿ. ಶಿವನಸಮುದ್ರದವರಿಗೆ ಈ ಹೆಸರು ಹೊಸದಲ್ಲ. ಕಾವೇರಿಯ ಧುಮುಕಿನಿಂದ ವಿದ್ಯುತ್ ತೆಗೆಯುವ ಯೋಜನೆ ಶುರುವಾದದ್ದು ಮೈಸೂರಿನ ದಿವಾನ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. 1901ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಶಿವನಸಮುದ್ರದ ಬ್ಲಫ್‌ನ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದದ್ದು 1902ರ ಜೂನಿನಲ್ಲಿ. ಬೆಂಗಳೂರಿನ ಬೀದಿದೀಪಗಳಿಗೆ ಅದು ಮುಟ್ಟಿದ್ದು 1905ರಲ್ಲಿ. ಭವನದ ಮುಂದಿನ ಪ್ರತಿಮೆ 1913ರದು. ಮುಂದಿನ ಎರಡು ವರ್ಷಗಳಲ್ಲಿ ಭವನವೂ ಕಟ್ಟಿ ಮುಗಿಯಿತು. ದಿವಾನರ ನೆನಪಿಗೆ ನಿಂತ ಮನೆಗೆ ಕಾಯಿದೆಯ ಕೇಂದ್ರ ಗ್ರಂಥಾಲಯ ಬಂದು ಸೇರಿದ್ದು ಒಳ್ಳೆಯ ಕೂಡಿಕೆಯೇ ಸರಿ.

ರಂಗನಾಥನ್ 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ನಿಧನರಾದರು. 1957ರಲ್ಲಿ ಪದ್ಮಶ್ರೀ ಬಂದಿತ್ತು. ಪತ್ನಿ ಶಾರದಾ ಅವರ ಹೆಸರಿನಲ್ಲಿ ಸ್ಥಾಪಿಸಿದ ದತ್ತಿನಿಧಿ ಅವರ ಪುಸ್ತಕಗಳನ್ನು ಅಚ್ಚಿನಲ್ಲಿ ಉಳಿಸಿತು. ಅವರ ನೆನಪಿಗೆ ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ. ಭಾವಚಿತ್ರಕ್ಕೆ ಹಾರ, ಭಾಷಣ, ಪುಸ್ತಕ ಪ್ರದರ್ಶನ ರೂಢಿ. ಹಳ್ಳಿಯ ಗ್ರಂಥಾಲಯ ವ್ಯವಸ್ಥೆ ಮಾತ್ರ ಈಚೆಗೆ ಕವಲೊಡೆದಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಆಮೇಲೆ ಅರಿವು ಕೇಂದ್ರಗಳೆಂಬ ಹೆಸರು ಪಡೆದವು. ಜಿಲ್ಲೆ ಮತ್ತು ನಗರಗಳ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಲ್ಲೇ ಉಳಿದಿವೆ.